ಅಂಜವ್ವನಿಗೆ ಗೋಡೆಯ ಕಡೆ

ಚನ್ನುವಿನ ಕೈಯಿಂದ ಬುಟ್ಟಿ ಇಸಿದುಕೊಳ್ಳಲೆಂದು ಬಂಡೆಮ್ಮ ತಿರುಗಿದಾಗ ಅಲ್ಲಿ ಬುಟ್ಟಿಯೂ ಇರಲಿಲ್ಲ, ಚನ್ನುವೂ ಇರಲಿಲ್ಲ. ಬಂಡೆಮ್ಮನ ಎರಡೂ ಕೈ ಗಾಳಿಯಲ್ಲಿ ಚಾಚಿಕೊಂಡೇ ಇದ್ದವು. ಆಮೇಲೆ ಕೆಳಗಿನಿಂದ ಸದ್ದು ಬಂತು.

ಹೈದರಾಬಾದಿನ ಮಾದಾಪುರದ ಕಡೆ ಬಂಡೆ ಒಡೆದಲ್ಲೆಲ್ಲ ಕಟ್ಟಡ ಏಳುತ್ತಿದ್ದ ಕಾಲ ಅದು. ಗಾಜಿನ ಆಫೀಸುಗಳಿಗೆ ಕೆಲಸಕ್ಕೆ ಬರುವ ಹುಡುಗಿಯರು ಉಳಿದುಕೊಳ್ಳಲೆಂದು ಯಾರೋ ಒಬ್ಬರು ಹಾಸ್ಟೆಲ್ ಕಟ್ಟಿಸುತ್ತಿದ್ದರು. ಮೇಸ್ತ್ರಿ ಅಮರಯ್ಯನ ಗುಂಪಿನವರು ಹೆಚ್ಚಿನಂಶ ಯಾದಗಿರಿ ಸೀಮೆಯವರು. ಸ್ಲ್ಯಾಬು ಹಾಕುವ ದಿನ ಕೆಳಗೆ ಮಿಷನ್ನು ಗರಗರ ತಿರುಗಿ ಕಲಸಿದ ಮಾಲು ಕಬ್ಬಿಣದ ಬುಟ್ಟಿಯಲ್ಲಿ ತುಂಬಿ, ಮೆಟ್ಟಿಲ ಮೇಲೆ ಸಾಲಾಗಿ ನಿಂತವರ ಕೈಯಿಂದ ಕೈಗೆ ಹಾದು ಮೇಲಕ್ಕೆ ಹೋಗಬೇಕು. ಒಂದು ಕಡೆ ತಿರುಗಿ ಇಸಿದುಕೊಳ್ಳುವುದು, ಇನ್ನೊಂದು ಕಡೆ ತಿರುಗಿ ಕೊಡುವುದು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಪಕ್ಕದಲ್ಲಿ ಒಂದು ಜೊತೆ ಕೈ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆಯೇ ಆ ಸಾಲು ನಡೆಯುತ್ತದೆ.

ಆ ನಂಬಿಕೆ ಬಂಡೆಮ್ಮನಿಗೆ ಹೋಗಿಬಿಟ್ಟಿತು.

ಮುಂದೆ ಲಿಫ್ಟು ಕೂಡಿಸಲೆಂದು ಕಟ್ಟಡದ ನಡುವೆ ಮೇಲಿನಿಂದ ನೆಲದವರೆಗೆ ಒಂದು ಚೌಕ ಬಾವಿ ಬಿಟ್ಟಿದ್ದರು. ಅದಕ್ಕೆ ಕಟ್ಟೆಯಿಲ್ಲ, ಅಡ್ಡ ಕಟ್ಟಿಗೆಯಿಲ್ಲ. ಚನ್ನು ಮೂರನೆಯ ಅಂತಸ್ತಿನಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿದ್ದಳು, ಅಷ್ಟೇ. ಪೋಲೀಸರು ಬಂದು ಹೋದರು. ಅವಳ ಊರಿನವರು ಜೀಪು ಮಾಡಿಕೊಂಡು ಬಂದು ಹೆಣ ಒಯ್ದರು. ಅಮರಯ್ಯ ಬಾವಿಯ ಅಂಚಿನಲ್ಲಿ ತೆಂಗಿನಕಾಯಿ ಒಡೆದು, ಕುಂಕುಮ ಹಚ್ಚಿದ ಲಿಂಬೆಹಣ್ಣು ಇಟ್ಟ. ಕೆಲವು ದಿನ ನಿಂತಿದ್ದ ಕೆಲಸ ಮತ್ತೆ ಶುರುವಾಯಿತು.

ಮತ್ತೆ ಶುರುವಾದ ದಿನ ಬಂಡೆಮ್ಮ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಎಲ್ಲರೊಡನೆ ಮೆಟ್ಟಿಲೇರಿದಳು. ಮೊದಲ ತಿರುವಿನಲ್ಲೇ ಎದೆ ಡಬಡಬ ಬಡಿಯತೊಡಗಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಅದರ ಒಳಗಿನಿಂದ ಯಾರೋ ‘ಬೀಳ್ತಿ, ಬೀಳ್ತಿ’ ಎಂದಂತೆ. ಅಲ್ಲೇ ಮೆಟ್ಟಿಲ ಮೇಲೆ ಬೋರಲು ಮಲಗಿ ಎರಡೂ ಕೈಯಿಂದ ಸಿಮೆಂಟು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು. ಹಿಂದಿನವರು ಅವಳನ್ನು ದಾಟಿಕೊಂಡು ಹೋಗಬೇಕಾಯಿತು.

ಮರುದಿನವೂ ಹಾಗೆಯೇ. ಅದರ ಮರುದಿನ ಅವಳು ಮೆಟ್ಟಿಲ ಹತ್ತಿರಕ್ಕೇ ಹೋಗಲಿಲ್ಲ. ಅಮರಯ್ಯ ಬಾಯಿಬಡುಕನೇ ಹೊರತು ಕೆಟ್ಟವನಲ್ಲ. “ಕೆಳಗ ಮರಳು ಸಾಣಿಸು. ಮುಂದಿನ ಸ್ಲ್ಯಾಬಿಗೆ ಮಾತ್ರ ಎಲ್ಲಾರೂ ಬೇಕು ನೋಡಮ್ಮಾ, ಆವಾಗ ನೆಪ ಹೇಳಬ್ಯಾಡ,” ಎಂದ.

ಗಂಡ ಹುಸೇನಪ್ಪ ಮೇಲೆ, ಸ್ಲ್ಯಾಬು ಗಟ್ಟಿಯಾಗುವ ತನಕ ಅದಕ್ಕೆ ಆಸರೆಯಾಗುವ ಸೆಂಟ್ರಿಂಗಿನ ಹಲಗೆ ಬಡಿಯುವವನು. ಮಾತು ಕಡಿಮೆ. ಹೆಂಡತಿಯ ಕೈ ತಣ್ಣಗಾಗುವುದನ್ನೂ, ಊಟದ ಮುಂದೆ ಕೂತು ಅವಳು ಸುಮ್ಮನೆ ಬೆವರುವುದನ್ನೂ ನೋಡುತ್ತಿದ್ದ. ಒಂದು ಸಂಜೆ ಚಹದ ಅಂಗಡಿಯ ರೂಪಾಯಿ ಫೋನಿನಿಂದ ಊರಿಗೆ ಮಾತಾಡಿ ಬಂದವನು ಅವಳ ಕಣ್ಣು ತಪ್ಪಿಸಿ ಕುಳಿತ.

“ಅತ್ತಿ ಏನಂದಳು?” ಎಂದು ಬಂಡೆಮ್ಮ ಕೇಳಿದಳು.

“ಚನ್ನೂನ ಗಾಳಿ ಮೆಟ್ಟೈತಿ ಅಂತಾಳ.”

ಬಂಡೆಮ್ಮ ಒಲೆಯ ಕಟ್ಟಿಗೆ ಒಳಗೆ ದೂಡಿದಳು.

“ಸ್ಲ್ಯಾಬಿನ ದಿನದ ತನಕ ನೋಡೂಣು,” ಎಂದ ಅವನು, ನೆಲ ಕೆರೆಯುತ್ತ. “ನೀ ಮ್ಯಾಲ ಬಂದ್ರ ಚಲೋ ಆತು. ಬರಾಕ ಆಗ್ಲಿಲ್ಲಂದ್ರ ಊರಿಗೆ ಕರ್ಕೊಂಡು ಹೋಗ್ತೀನಿ. ಗಾಳಿ ಬಿಡಿಸೋ ಜಾಗಕ್ಕ ಅವ್ವ ಒಯ್ತಾಳಂತ. ಕೂಸು ಅಷ್ಟು ದಿನ ನಮ್ಮಕ್ಕನ ಮನ್ಯಾಗ ಇರ್ಲಿ.”

ಗಾಳಿ ಬಿಡಿಸುವ ಜಾಗವನ್ನು ಬಂಡೆಮ್ಮ ಚಿಕ್ಕವಳಿದ್ದಾಗ ನೋಡಿದ್ದಳು. ಅವರ ಓಣಿಯ ಒಬ್ಬ ಹೆಂಗಸನ್ನು ಅಲ್ಲಿಗೆ ಒಯ್ದಿದ್ದರು. ಕೂದಲು ಬಿಚ್ಚಿಸಿ, ಕಂಬಕ್ಕೆ ಕಟ್ಟಿ, ‘ಯಾರು ನೀ, ಹೆಸರು ಹೇಳು’ ಎಂದು ಬೆತ್ತದಿಂದ ಬಾರಿಸುತ್ತಿದ್ದರು. ಆ ಹೆಂಗಸು ಮೊದಮೊದಲು ತನ್ನ ಹೆಸರನ್ನೇ ಹೇಳುತ್ತಿದ್ದಳು. ಕೊನೆಗೆ ಸತ್ತವರ ಹೆಸರೊಂದನ್ನು ಹೇಳಿದಳು; ಆಗ ಹೊಡೆತ ನಿಂತಿತು. ಊರಿಗೆ ಮರಳಿದ ಮೇಲೆ ಆಕೆ ನಕ್ಕಿದ್ದನ್ನು ಯಾರೂ ಕಾಣಲಿಲ್ಲ. ಈಗ ಬಂಡೆಮ್ಮನಿಗೆ ಬಾವಿಯ ಅಂಚು ಒಂದು ಕಡೆ, ಆ ಕಂಬ ಒಂದು ಕಡೆ. ಮಗಳು ತಾರಾ ಆಗಿನ್ನೂ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಬಾರದ ಕೂಸು. ಅವಳನ್ನು ಬಿಟ್ಟು ಹೋಗುವುದನ್ನು ನೆನೆದರೆ ನೆಲದ ಮೇಲೆ ನಿಂತಿದ್ದಾಗಲೂ ಬಿದ್ದ ಹಾಗಾಗುತ್ತಿತ್ತು.

ಮರಳು ಸಾಣಿಸುತ್ತಿದ್ದಾಗ ಒಂದು ದಿನ ಆ ಅಂಜಿಕೆ ಮತ್ತೆ ಬಂತು. ಮೇಲೆ ಹೋಗಿಯೇ ಇರಲಿಲ್ಲ. ಮೇಲಿನಿಂದ ಯಾರೋ ಹಲಗೆ ಕೆಡವಿದ ಸದ್ದಿಗೆ ಎದೆ ಕುಣಿಯಿತು. ಕಿವಿಯಲ್ಲಿ ಅದೇ ಮಾತು, ಬೀಳ್ತಿ, ಬೀಳ್ತಿ. ಓಡಿಹೋಗಲು ಜಾಗವಿರಲಿಲ್ಲ. ಆಗ ಯಾಕೋ ಅವಳಿಗೆ ತನ್ನ ಅಜ್ಜಿ, ಆಯಿ, ನೆನಪಾದಳು.

ಸಣ್ಣವಳಿದ್ದಾಗ ಬಂಡೆಮ್ಮನ ಮೈತುಂಬ ಅಮ್ಮ ಎದ್ದಿದ್ದಳು. ಆಯಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ, ಯಾರೂ ಗಟ್ಟಿಯಾಗಿ ಮಾತಾಡದಂತೆ ನೋಡಿಕೊಂಡಳು. ಬೇನೆಯನ್ನು ಬೈಯಲಿಲ್ಲ, ತೊಲಗು ಎನ್ನಲಿಲ್ಲ. ಚಾಪೆಯ ಪಕ್ಕದಲ್ಲಿ ಯಾರೋ ದೊಡ್ಡವರು ಕೂತಿದ್ದಾರೆ ಎನ್ನುವ ಹಾಗೆ, “ಬಂದೀದಿ, ಕುಂದ್ರು ನಮ್ಮವ್ವಾ. ಬಿಸಿಲಾಗ ಬಂದೀದಿ, ತಂಪಾಗು,” ಎಂದು ಮೊಸರನ್ನದ ಬಟ್ಟಲು ಇಡುತ್ತಿದ್ದಳು. ಬೊಬ್ಬೆಗಳೆಲ್ಲ ಬಾಡಿದ ಮೇಲೆ ಬೇವಿನ ಗಿಡದ ತನಕ ನಡೆದುಹೋಗಿ ಹಸಿರು ಬಳೆ ಇಟ್ಟು ಕಳಿಸಿ ಬಂದಿದ್ದಳು. ಆ ಜ್ವರದಲ್ಲೂ ಹುಡುಗಿಗೆ ಒಂದು ಸಮಾಧಾನವಿತ್ತು. ಬಂದದ್ದು ಯಾರೋ ಒಬ್ಬಾಕೆ. ಅವಳಿಗೆ ಹಸಿವು ಸೆಕೆ ಆಗುತ್ತವೆ. ಆಯಿ ಹೇಳಿದರೆ ಕೇಳುತ್ತಾಳೆ.

ಬಂಡೆಮ್ಮ ಜರಡಿ ಆಡಿಸುತ್ತಲೇ ತುಟಿ ಅಲ್ಲಾಡಿಸದೆ ಅಂದಳು: “ಬಂದ್ಯಾ? ಬಾ, ಕುಂದ್ರು.”

ಎದೆ ಬಡಿತ ನಿಲ್ಲಲಿಲ್ಲ. ಆದರೆ ಅದು ಈಗ ಮೈತುಂಬ ಹರಡಿಕೊಂಡಿರದೆ ಒಂದು ಕಡೆ ಕೂತಂತಾಯಿತು. ಅವಳು ಆ ಕಡೆ ಓರೆಗಣ್ಣಿನಿಂದ ನೋಡಿದಳು. ಬೋರಲು ಹಾಕಿದ ಬುಟ್ಟಿಯ ಮೇಲೆ ಒಬ್ಬ ಮುದುಕಿ ಕೂತಿದ್ದಾಳೆ ಅಂದುಕೊಂಡಳು. ಸಣಕಲು ಮೈ, ಹಣೆಯ ತನಕ ಸೆರಗು, ಮುಂಗೈ ಮೇಲೆ ಹಚ್ಚೆ, ದೊಡ್ಡ ದೊಡ್ಡ ಕಣ್ಣು. ಎಲ್ಲದಕ್ಕೂ ಅಂಜುತ್ತಾಳೆ. ಲಾರಿಗೆ, ನಾಯಿಗೆ, ಆಫೀಸಿನ ಹುಡುಗಿಯರ ಸ್ಕೂಟಿಗೆ, ಮಿಷನ್ನಿನ ಸದ್ದಿಗೆ. ಬಂಡೆಮ್ಮ ಅವಳಿಗೆ ಅಂಜವ್ವ ಎಂದು ಹೆಸರಿಟ್ಟಳು. ಆಮೇಲೆ ಸ್ವಲ್ಪ ಯೋಚಿಸಿ ಅವಳಿಗೆ ಮೊಣಕಾಲು ನೋವು ಕೊಟ್ಟಳು. ಮೊಣಕಾಲು ನೋಯುವ ಮುದುಕಿ ಮೆಟ್ಟಿಲು ಹತ್ತಲಾರಳಲ್ಲ!

ಅಂದಿನಿಂದ ಬೆಳಿಗ್ಗೆ ತಾರಾಳ ಜೋಲಿಯ ಪಕ್ಕದಲ್ಲಿ ಒಂದು ಚೂರು ರೊಟ್ಟಿ ಇಡುವುದು ರೂಢಿಯಾಯಿತು. “ಅಂಜವ್ವಾ, ನೀ ಇಲ್ಲೇ ಕುಂದ್ರು. ನಿನಗ ಹತ್ತಾಕ ಆಗಂಗಿಲ್ಲ. ಕೂಸಿನ ಮ್ಯಾಲ ಕಣ್ಣಿರ್ಲಿ.” ಮಧ್ಯಾಹ್ನ ಉಳಿದವರು ಗಿಡದ ನೆರಳಿಗೆ ಅಡ್ಡಾದಾಗ ಅವಳು ಒಬ್ಬಳೇ ಮೆಟ್ಟಿಲ ಹತ್ತಿರ ಹೋಗುತ್ತಿದ್ದಳು. ಮೊದಲ ತಿರುವು. ಅಂಜವ್ವ ಕೆಳಗಿನಿಂದಲೇ ಕೂಗಿಕೊಳ್ಳುತ್ತಿದ್ದಳು. “ಒದರು, ಒದರು, ಕೇಳಸ್ತೈತಿ,” ಎನ್ನುತ್ತ ಇನ್ನೊಂದು ಮೆಟ್ಟಿಲು. ಬೆವರಿನಿಂದ ಕುಪ್ಪಸ ತೊಯ್ದು ಕೆಳಗಿಳಿಯುವಳು. ಮರುದಿನ ಮತ್ತೆ.

ಹೀಗೊಂದು ದಿನ ಎರಡನೆಯ ಅಂತಸ್ತಿನಿಂದ ಗೋಡೆ ಸವರಿಕೊಂಡು ಇಳಿಯುತ್ತ, “ಬಂದೆ ಬಂದೆ, ಅಳಬ್ಯಾಡ ಮುದುಕಿ,” ಎಂದು ಸ್ವಲ್ಪ ಗಟ್ಟಿಯಾಗಿಯೇ ಅಂದುಬಿಟ್ಟಳು. ಕೆಳಗೆ ಕೃಷ್ಣಾಬಾಯಿ ನಿಂತಿದ್ದಳು.

ಬೀದರ ಕಡೆಯ ವಿಧವೆ ಕೃಷ್ಣಾಬಾಯಿ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ಅವಳ ಬಾಯಿಗೆ ಅಮರಯ್ಯನೂ ಹೆದರುತ್ತಿದ್ದ. ಅವಳು ಬಂಡೆಮ್ಮನನ್ನು ನೋಡಿದಳು, ಖಾಲಿ ಮೆಟ್ಟಿಲು ನೋಡಿದಳು, ಜೋಲಿಯ ಪಕ್ಕದಲ್ಲಿದ್ದ ರೊಟ್ಟಿಚೂರು ನೋಡಿದಳು. ಬಂಡೆಮ್ಮ ಅಲ್ಲೇ ಗೋಡೆಗೆ ಅಂಟಿ ನಿಂತಳು. ಒಬ್ಬಳೇ ಮಾತಾಡುತ್ತಾಳೆ, ಕಾಣದವರಿಗೆ ಎಡೆ ಇಡುತ್ತಾಳೆ. ಹುಸೇನಪ್ಪನ ಕಿವಿಗೆ ಇಷ್ಟು ಬಿದ್ದರೆ ಸ್ಲ್ಯಾಬಿನ ದಿನದ ತನಕವೂ ಕಾಯುವುದಿಲ್ಲ. ತನ್ನನ್ನು ಉಳಿಸುತ್ತಿರುವ ಮದ್ದೇ ಎಲ್ಲರ ಕಣ್ಣಿಗೆ ರೋಗದ ಹಾಗೆ ಕಾಣುತ್ತದೆ.

“ಬಾಯೀ, ನಾ...” ಎಂದಳು.

“ನನ್ನ ತಂಬಾಕು ಡಬ್ಬಿ ಎಲ್ಲಿ ಬಿತ್ತೋ ನೋಡಾಕ ಬಂದಿದ್ದೆ,” ಎಂದು ಕೃಷ್ಣಾಬಾಯಿ ಹೊರಟುಹೋದಳು. ಡಬ್ಬಿ ಅವಳ ಸೊಂಟದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ರೊಟ್ಟಿಚೂರಿನ ಪಕ್ಕದಲ್ಲಿ ಅರ್ಧ ವೀಳ್ಯದೆಲೆ, ಅದರ ಮೇಲೆ ಒಂದು ಚೂರು ಅಡಿಕೆ ಇತ್ತು. ಬಂಡೆಮ್ಮ ತಲೆಯೆತ್ತಿದಾಗ ಕೃಷ್ಣಾಬಾಯಿ ಆ ಕಡೆ ಮುಖ ಮಾಡಿ ನೀರು ತುಂಬುತ್ತಿದ್ದಳು. “ವಯಸ್ಸಾದಾಕಿಗೆ ಬರೇ ಒಣರೊಟ್ಟಿ ಹ್ಯಾಂಗ ಇಳೀತೈತಿ?” ಎಂದಳು, ಯಾರಿಗೂ ಅಲ್ಲ ಎನ್ನುವಂತೆ.

ಬಂಡೆಮ್ಮನ ಕಣ್ಣು ತುಂಬಿತು. ಆ ದಿನ ಅವಳು ಮೂರನೆಯ ಅಂತಸ್ತಿನ ಬಾಗಿಲ ತನಕ ಹೋಗಿ ಬಂದಳು.

ಆದರೆ ಒಂದು ವಿಷಯ ಅವಳ ಎಣಿಕೆಗೆ ಬಂದಿರಲಿಲ್ಲ. ತಾರಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವ್ವ ಹೇಳಿದ ಮೇಲೆ ಅಂಜವ್ವ ಇರಲೇಬೇಕು. ಕೂಸು ಅವಳಿಗೆ ಮರಳಿನ ಅನ್ನ ಬಡಿಸಿತು, ತನ್ನ ಜೋಲಿಯಲ್ಲಿ ಜಾಗ ಬಿಟ್ಟಿತು, ಲಾರಿ ಬಂದಾಗ ಅವಳ ಕಿವಿ ಮುಚ್ಚಿತು.

ಸ್ಲ್ಯಾಬಿನ ಹಿಂದಿನ ದಿನ ಸಂಜೆ ತಗಡಿನ ಶೆಡ್ಡಿನಲ್ಲಿ ಹುಸೇನಪ್ಪ ಊಟಕ್ಕೆ ಕೂರಲು ಹೋದಾಗ ತಾರಾ ಅವನ ಅಂಗಿ ಜಗ್ಗಿದಳು.

“ಅಪ್ಪಾ, ಅಲ್ಲಿ ಬ್ಯಾಡ. ಅಲ್ಲಿ ಅಂಜವ್ವ ಕುಂತಾಳ.”

ಹುಸೇನಪ್ಪನ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. “ಯಾರು?”

“ಮುದುಕಿ. ಅವ್ವನ ಕೂಡ ಮಾತಾಡ್ತಾಳ.”

ಅವನು ಬಂಡೆಮ್ಮನ ಕಡೆ ನೋಡಿದ. ಅವಳು ಆ ನೋಟವನ್ನು ಹಿಂದೆಂದೂ ಕಂಡಿರಲಿಲ್ಲ. ಗಂಡ ತನಗೆ ಹೆದರುತ್ತಿದ್ದ. ಅವನು ಕೂಸನ್ನು ಎತ್ತಿಕೊಂಡು ದೂರದ ಮೂಲೆಗೆ ಹೋಗಿ ಕುಳಿತು, ತನ್ನ ರಟ್ಟೆಯ ಕರಿದಾರ ಬಿಚ್ಚಿ ಅದರ ಕೈಗೆ ಕಟ್ಟಿದ. “ನಾಳೆ ಒಂದು ದಿನ,” ಎಂದ. “ನಾಳೆ ಮ್ಯಾಲ ಬಂದು ಸಾಲಿನ್ಯಾಗ ನಿಂದ್ರು ಬಂಡೀ. ನಿನಗ ಕೈ ಮುಗೀತೀನಿ. ಇಲ್ಲಂದ್ರ ನನ್ನ ಕೈಲಿ ಇನ್ನೇನೂ ಆಗಂಗಿಲ್ಲ.”

ಬೆಳಿಗ್ಗೆ ಅಮರಯ್ಯ ಮಿಷನ್ನಿಗೆ ಹೂ ಏರಿಸಿ ಊದುಬತ್ತಿ ಬೆಳಗಿದ. “ಜಲ್ದಿ ಜಲ್ದಿ! ಶುರು ಆತಂದ್ರ ನಿಲ್ಲಂಗಿಲ್ಲ. ನಡುವ ನಿಂತ್ರ ಅಲ್ಲೇ ಬಿರುಕು, ನಾಳೆ ಹಾಸ್ಟೆಲ್ ಹುಡಿಗ್ಯಾರ ತಲಿ ಮ್ಯಾಲ ಸೋರತೈತಿ,” ಎಂದು ಕೂಗಾಡಿದ. ಕೃಷ್ಣಾಬಾಯಿಗೆ ಮಿಷನ್ನಿನ ಬುಡದಲ್ಲಿ ಬುಟ್ಟಿ ತುಂಬುವ ಕೆಲಸ. ಜೋಲಿ ಅವಳ ಕಣ್ಣಿಗೆ ಕಾಣುತ್ತಿತ್ತು. ತಾರಾ ನಿದ್ದೆಯಲ್ಲಿದ್ದಳು. ಬಂಡೆಮ್ಮ ರೊಟ್ಟಿಚೂರು ಇಟ್ಟು, “ಇವತ್ತೊಂದು ದಿನ ನನ್ನ ಹಿಂದ ಬರಬ್ಯಾಡ ನಮ್ಮವ್ವಾ. ಇಲ್ಲೇ ಇರು,” ಎಂದು ಕೈ ಮುಗಿದು ಮೆಟ್ಟಿಲು ಹತ್ತಿದಳು.

ಹತ್ತಿದಳು. ಮೊದಲ ತಿರುವು, ಎರಡನೆಯದು. ಎದೆ ಬಡಿದುಕೊಳ್ಳುತ್ತಿತ್ತು, ಆದರೆ ಕಾಲು ಹೇಳಿದ ಮಾತು ಕೇಳಿದವು. ಅಮರಯ್ಯ ಅವಳನ್ನು ಮೂರನೆಯ ಅಂತಸ್ತಿನಲ್ಲಿ ಬಾವಿಯ ಪಕ್ಕಕ್ಕೇ ನಿಲ್ಲಿಸಿದ, ಚನ್ನು ನಿಂತಿದ್ದ ಜಾಗದಲ್ಲಿ. ಬೇರೆ ಯಾರೂ ಅಲ್ಲಿ ನಿಲ್ಲಲು ಒಪ್ಪಿರಲಿಲ್ಲ. ಮೇಲಿನ ಹಲಗೆಗಳ ಸಂದಿಯಿಂದ ಹುಸೇನಪ್ಪ ಬಗ್ಗಿ ನೋಡಿದ. ಅವಳು ಬುಟ್ಟಿ ಇಸಿದುಕೊಂಡಳು, ತಿರುಗಿದಳು, ಕೊಟ್ಟಳು. ಪ್ರತಿ ಸಲ ತಿರುಗುವಾಗಲೂ ಆ ಕಡೆ ಕೈ ಇರುತ್ತದೋ ಇಲ್ಲವೋ ಎಂದು ಜೀವ ಬಾಯಿಗೆ ಬರುತ್ತಿತ್ತು. ಪ್ರತಿ ಸಲವೂ ಕೈ ಇತ್ತು.

ಬಿಸಿಲೇರಿತು. ಕೆಳಗೆ ನೀರಿನ ಪೈಪು ಬಿಚ್ಚಿಕೊಂಡು ಎಲ್ಲರೂ ಅದರ ಹಿಂದೆ ಓಡಿದರು, ಕೃಷ್ಣಾಬಾಯಿಯೂ. ಸುಮಾರು ಹೊತ್ತು ಬುಟ್ಟಿ ಬರಲಿಲ್ಲ. ಬಂಡೆಮ್ಮ ಬೆವರು ಒರೆಸಿಕೊಳ್ಳುತ್ತಿದ್ದಾಗ ಬಾವಿಯ ಆಚೆ ತುದಿಯಿಂದ ಸಣ್ಣ ದನಿ ಕೇಳಿಸಿತು.

“ಅವ್ವಾ.”

ಕಟ್ಟಡದ ಹಿಂದುಗಡೆ ಇನ್ನೊಂದು ಮೆಟ್ಟಿಲಿತ್ತು, ಯಾರೂ ಬಳಸದ್ದು. ಅಲ್ಲಿಂದ ಈ ಕಡೆಗೆ ಬರಲು ಗೋಡೆಗೂ ಬಾವಿಗೂ ನಡುವೆ ಒಬ್ಬರು ಹಿಡಿಸುವಷ್ಟು ಅಗಲದ ಒಂದು ಪಟ್ಟಿ ಮಾತ್ರ. ಆ ಪಟ್ಟಿಯ ಮೇಲೆ ತಾರಾ ನಿಂತಿದ್ದಳು. ಎಡಗೈ ಗೋಡೆಯ ಕಡೆ ಮೇಲಕ್ಕೆತ್ತಿ, ಯಾರದೋ ಕೈ ಹಿಡಿದ ಹಾಗೆ ಬೆರಳು ಮಡಚಿಕೊಂಡಿದ್ದಳು.

“ಅವ್ವಾ, ಅಂಜವ್ವ ಅಳಾಕತ್ತಿದ್ಳು. ನಿನ್ನ ಕಡಿ ಕರ್ಕೊಂಡು ಬಂದೀನಿ.”

ಬಂಡೆಮ್ಮನಿಗೆ ಒಂದೇ ನೋಟಕ್ಕೆ ಎಲ್ಲವೂ ಕಂಡಿತು. ಮುದುಕಿ ಅಂಜುತ್ತಾಳೆಂದು ಕೂಸು ಅವಳಿಗೆ ಗೋಡೆಯ ಕಡೆ ಜಾಗ ಬಿಟ್ಟುಕೊಟ್ಟಿತ್ತು. ತಾನು ಅಂಚಿನ ಕಡೆ ನಡೆಯುತ್ತಿತ್ತು. ಆ ಪುಟ್ಟ ಬಲಗಾಲಿನ ಕಿರುಬೆರಳು ಬಾವಿಯ ಮೇಲೆ ಇಣುಕುತ್ತಿತ್ತು.

ಮೇಲಿನಿಂದ ಹುಸೇನಪ್ಪ ನೋಡಿದ. ಅವನ ಬಾಯಿ ಕೂಗಲು ತೆರೆಯಿತು. ಬಂಡೆಮ್ಮ ಅವನತ್ತ ನೋಡದೆಯೇ ಕೈಯೆತ್ತಿ ತಡೆದಳು. ಕೂಗಿದರೆ ಕೂಸು ಬೆಚ್ಚುತ್ತದೆ. ಓಡಿದರೆ ಆಟವೆಂದು ತಿರುಗಿ ಓಡುತ್ತದೆ. ‘ಅಂಜವ್ವ ಇಲ್ಲ, ಸುಳ್ಳು’ ಎಂದರೆ ಆ ಕೈ ಬಿಟ್ಟು ಗಲಿಬಿಲಿಯಲ್ಲಿ ಎಲ್ಲಿ ಹೆಜ್ಜೆ ಇಡುತ್ತದೋ! ಹೇಳಬೇಕಾದ ಮಾತು ಒಂದೇ ಇತ್ತು. ಆಡಿದರೆ ಗಂಡ ಕೇಳುತ್ತಾನೆ, ಮೇಸ್ತ್ರಿ ಕೇಳುತ್ತಾನೆ, ಇಡೀ ಸಾಲು ಕೇಳುತ್ತದೆ. ಆ ಕಂಬ, ಆ ಬೆತ್ತ ಅವಳ ಕಣ್ಣ ಮುಂದೆ ಬಂದು ಹೋದವು.

“ಚಲೋ ಮಾಡಿದಿ ತಾಯೀ,” ಎಂದಳು, ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ. “ಖರೇ, ಆಕಿಗೆ ಹತ್ತಿ ಹತ್ತಿ ಮೊಳಕಾಲು ನೋಯ್ತಿರಬೇಕು ನೋಡು. ಕೇಳು ಆಕಿನ್ನ.”

ತಾರಾ ಗೋಡೆಯ ಕಡೆ ಮುಖವೆತ್ತಿ ಕೇಳಿದಳು. “ಹ್ಞೂಂ ಅಂತಾಳ.”

“ಹಂಗಾದ್ರ ಅಲ್ಲೇ ಕುಂದ್ರಸು. ಗ್ವಾಡಿಗೆ ಆನಿಸಿ ಕುಂದ್ರಸು. ಕುಂತಳಾ?”

“ಕುಂತಳು.”

“ಈಗ ನೀನೂ ಆಕಿ ತೊಡಿ ಮ್ಯಾಲ ಕುಂದ್ರು. ಅಂಜವ್ವಾ, ಕೂಸಿನ್ನ ಗಟ್ಟಿ ಹಿಡ್ಕೋ. ಬಿಡಬ್ಯಾಡ. ನಾ ಬರಾಕತ್ತೀನಿ.”

ಕೂಸು ತಿರುಗಿ, ಗೋಡೆಗೆ ಬೆನ್ನು ಹಚ್ಚಿ, ಇಲ್ಲದ ತೊಡೆಯ ಮೇಲೆ ಕೂತುಕೊಂಡಿತು. ಎರಡೂ ಕಾಲು ಒಳಗೆ ಎಳೆದುಕೊಂಡಿತು.

ಬಂಡೆಮ್ಮ ಪಟ್ಟಿಯ ಮೇಲೆ ಹೆಜ್ಜೆಯಿಟ್ಟಳು. ಕೆಳಗೆ ಕತ್ತಲು, ಅದರ ತಳದಲ್ಲಿ ಚನ್ನು ಬಿದ್ದ ನೆಲ. ಅವಳ ಕಿವಿಯಲ್ಲಿ ಆಗ ಸದ್ದಿರಲಿಲ್ಲ, ಕಾಲಲ್ಲಿ ನಡುಕವಿರಲಿಲ್ಲ. ಅಂಜವ್ವನ ಎರಡೂ ಕೈ ಕೂಸನ್ನು ಹಿಡಿದುಕೊಂಡಿದ್ದವಲ್ಲ! ಗೋಡೆ ಸವರುತ್ತ ಒಂದೊಂದೇ ಹೆಜ್ಜೆ ಸರಿದು, ಬಗ್ಗಿ, ತಾರಾಳ ತೋಳು ಮುಟ್ಟಿದಳು. ಎತ್ತಿಕೊಂಡಳು. ಪಟ್ಟಿ ದಾಟಿ ಹಿಂದಿನ ಮೆಟ್ಟಿಲ ಹತ್ತಿರದ ಅಗಲ ಜಾಗಕ್ಕೆ ಬಂದು ಗೋಡೆಗೊರಗಿದಳು.

ಆಗ ಅಂಜವ್ವ ಒಮ್ಮೆಗೇ ವಾಪಸು ಬಂದಳು. ಹಲ್ಲು ಕಟಕಟಿಸಿದವು, ಎದೆ ಒಡೆದು ಹೋಗುವಂತೆ ಬಡಿಯಿತು. ಕೂಸನ್ನು ಅವುಚಿಕೊಂಡು ನೆಲದ ಮೇಲೆ ಕೂತು ಅವಳು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ನಡುಗಿದಳು.

ಅಷ್ಟರಲ್ಲಿ ನೀರು ಬಂದು ಮಿಷನ್ನು ಮತ್ತೆ ತಿರುಗಿತು. ಅವಳು ಬಿಟ್ಟುಬಂದ ಜಾಗ ಖಾಲಿಯಿತ್ತು. ಬುಟ್ಟಿ ಹಿಡಿದವಳು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದಳು. ಕೆಳಗಿನ ತಿರುವಿನಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ ಅಮರಯ್ಯ ಏನೋ ಬೈಯಲು ಬಾಯಿ ತೆರೆದವನು ಬೈಯಲಿಲ್ಲ. ಸರಸರ ಮೆಟ್ಟಿಲೇರಿ, ಇಸ್ತ್ರಿ ಅಂಗಿಯ ತೋಳು ಮಡಚಿ, ಚನ್ನುವಿನ ಜಾಗದಲ್ಲಿ ತಾನೇ ನಿಂತು ಕೈ ಚಾಚಿದ. “ಕೊಡು, ನನ್ನ ಮಾರಿ ಏನ್ ನೋಡ್ತಿ.” ಸಾಲು ನಡೆಯಿತು.

ಹುಸೇನಪ್ಪ ಮೇಲಿನಿಂದ ಸುತ್ತಿ ಹಿಂದಿನ ಮೆಟ್ಟಿಲಿಂದ ಇಳಿದು ಬಂದ. ಕೂಸಿನ ತಲೆ, ಕೈ, ಕಾಲು ಸವರಿದ. ಆಮೇಲೆ ಹೆಂಡತಿಯ ಎದುರು ನಿಂತ. ಕೇಳಿದ: “ಆಕಿ ಈಗ ಇಲ್ಲೇ ಅದಾಳೇನು?”

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ತಾರಾ ಇಬ್ಬರ ಮುಖವನ್ನೂ ನೋಡುತ್ತಿದ್ದಳು.

“ಅದಾಳ,” ಎಂದಳು ಬಂಡೆಮ್ಮ, ನಡುಗುವ ಹಲ್ಲುಗಳ ನಡುವೆ. “ಚನ್ನು ಅಲ್ಲರಿ ಆಕಿ. ಚನ್ನು ಪಾಪ ಎಲ್ಲಿಗೂ ಬಂದಿಲ್ಲ. ಇದು ನನ್ನ ಅಂಜಿಕಿ. ಮೈ ತುಂಬ ಹರಿದಾಡತಿತ್ತು, ಹಿಡಿಯಾಕ ಸಿಗತಿದ್ದಿಲ್ಲ. ಅದಕ್ಕ ಆಕಿಗೊಂದು ಸೀರಿ ಉಡಿಸಿ, ಹೆಸರಿಟ್ಟು ಕುಂದ್ರಿಸೀನಿ. ನಾನೇ ಮಾಡ್ಕೊಂಡಾಕಿ. ನಾನೇ ಮಾಡ್ಕೊಂಡೀನಿ ಅಂತ ನನಗ ಗೊತ್ತೈತಿ. ಕಂಬಕ್ಕ ಕಟ್ಟಿಸಬ್ಯಾಡ್ರಿ ನನಗ.”

ಹುಸೇನಪ್ಪ ಅವಳ ಪಕ್ಕದಲ್ಲಿ ಕುಸಿದು ಕೂತ.

“ಅಪ್ಪಾ!” ಎಂದು ತಾರಾ ಚೀರಿದಳು. “ಆಕಿ ಮ್ಯಾಲ ಕುಂತಿ!”

ಹುಸೇನಪ್ಪ ಪಕ್ಕದ ಖಾಲಿ ಗೋಡೆ ನೋಡಿದ, ಕೂಸಿನ ಮುಖ ನೋಡಿದ. ಆಮೇಲೆ ಮೆಲ್ಲಗೆ, ಬಸ್ಸಿನಲ್ಲಿ ಹಿರಿಯರಿಗೆ ಜಾಗ ಬಿಡುವವನಂತೆ, ಒಂದು ಮೊಳ ಆಚೆ ಸರಿದ.

“ತಪ್ಪಾತು,” ಎಂದ. ಹಲಗೆ ಬಡಿದು ಒರಟಾದ ತನ್ನ ಅಂಗೈ ನೋಡಿಕೊಳ್ಳುತ್ತ ಅಂದ: “ನಿನ್ನಾಕಿಗೆ ಮೊಳಕಾಲು ನೋವರ ಐತಿ. ನನ್ನ ಅಂಜಿಕಿಯಂವ ದಿನಾ ನನ್ನ ಹಿಂದ ಮ್ಯಾಲ ತನಕ ಹತ್ತತಾನ. ಏನ್ ಮಾಡ್ಲಿ?”

ಬಂಡೆಮ್ಮ ಅವನ ಕಡೆ ತಿರುಗಿದಳು. ಅವನ ಕೈಯೂ ತನ್ನ ಕೈಯ ಹಾಗೆಯೇ ನಡುಗುತ್ತಿತ್ತು. ಇಷ್ಟು ದಿನ ಅವಳು ಅದನ್ನು ಕಂಡೇ ಇರಲಿಲ್ಲ.

ಸಂಜೆ ಸ್ಲ್ಯಾಬು ಮುಗಿದು ಎಲ್ಲರೂ ಕೈಕಾಲು ತೊಳೆಯುತ್ತಿದ್ದಾಗ ಹುಸೇನಪ್ಪ ಚಹದ ಅಂಗಡಿಯ ಕಡೆ ಹೋದ. ಬಂಡೆಮ್ಮನ ಎದೆ ಮತ್ತೆ ಹೊಡೆದುಕೊಂಡಿತು. ಮರಳಿದವನು, “ಅವ್ವ ಭಾಳ ಬೈದ್ಳು. ಬೈಲಿ. ಊರಿಗೆ ಯಾರೂ ಹೋಗಂಗಿಲ್ಲ ಅಂತ ಹೇಳೀನಿ,” ಎಂದಷ್ಟೇ ಹೇಳಿದ.

ಕಟ್ಟಡದಿಂದ ಟಕಟಕ ಸದ್ದು ಬರುತ್ತಿತ್ತು. ಅಮರಯ್ಯ ಬಿದಿರಿನ ಬೊಂಬು ಹೊರಿಸಿಕೊಂಡು ಹೋಗಿ, ಬಾವಿಯ ಸುತ್ತ ಪ್ರತಿ ಅಂತಸ್ತಿಗೂ ಅಡ್ಡ ಕಟ್ಟಿಸುತ್ತಿದ್ದ. “ಆ ಮುದುಕಿ ನಾಳಿಂದ ಹ್ಯಾಂಗೂ ಹತ್ತಾಕಿ. ಆಕಿಗೆ ಹಿಡಕೊಳ್ಳಾಕ ಏನರ ಬೇಕಲ್ಲ?” ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತಿದ್ದ.

“ಬುದ್ಧಿ ಈಗ ಬಂತೇನೋ ಅಮರ್‍ಯಾ? ಚನ್ನೂಗೂ ಎರಡು ಕೈ ಇದ್ದುವು,” ಎಂದು ಕೃಷ್ಣಾಬಾಯಿ ಅವನ ಮುಖಕ್ಕೇ ಹೇಳಿದಳು. ಅವನು ತಲೆ ಬಗ್ಗಿಸಿ ಹಗ್ಗದ ಗಂಟನ್ನು ಇನ್ನಷ್ಟು ಬಿಗಿದ.

ಬೆಳಿಗ್ಗೆ, ಹೊಸ ಸ್ಲ್ಯಾಬು ಒಣಗಿ ಬಿರಿಯದಂತೆ, ಅದಕ್ಕೆ ನೀರು ಕಟ್ಟಬೇಕಿತ್ತು. ತಾರಾಳನ್ನು ಕೃಷ್ಣಾಬಾಯಿ ತನ್ನ ಸೊಂಟಕ್ಕೆ ಏರಿಸಿಕೊಂಡು ಕೆಳಗೇ ಉಳಿದಳು. ಹುಸೇನಪ್ಪ ಮುಂದೆ ಹತ್ತಿದ. ಬಂಡೆಮ್ಮ ಹಿಂದೆ. ಮೊದಲ ತಿರುವಿನಲ್ಲೇ ಎದೆ ಡಬಡಬ ಬಡಿಯಿತು, ಬಾಯಿ ಒಣಗಿತು. ಅವಳು ಬೊಂಬಿನ ಮೇಲೆ ಕೈಯಿಟ್ಟು ನಿಂತಳು. “ಬಂದ್ಯಾ?” ಎಂದು ಮೆಲ್ಲಗೆ ಕೇಳಿ ಗೋಡೆಯ ಕಡೆ ಸ್ವಲ್ಪ ಜಾಗ ಬಿಟ್ಟಳು. ಈ ಸಲ ಅಂಚಿನ ಕಡೆ ಬೊಂಬು ಇತ್ತು.

ಮೇಲಿನ ತಿರುವಿನಲ್ಲಿ ಹುಸೇನಪ್ಪ ನಿಂತ. ಹಿಂದಿರುಗಿ ನೋಡಲಿಲ್ಲ. ಇಬ್ಬರು ಹೆಂಗಸರು, ಅವರಲ್ಲೊಬ್ಬಳು ಮೊಣಕಾಲು ನೋಯುವವಳು, ಹತ್ತಿ ಬರುವಷ್ಟು ಹೊತ್ತು ಸುಮ್ಮನೆ ನಿಂತುಕೊಂಡಿದ್ದ.